ಪರದೆಗೆ ಹೇಳಿದ ಹೌದು

ಚಳಿಗಾಲ ಮುಗಿಯುತ್ತಿತ್ತು, ಊಟದ ಹೊತ್ತು ಮೀರಿತ್ತು, ಸರ್ಕಾರಿ ಕೋಣೆಯ ಎ.ಸಿ. ಗಾಳಿ ನೇರ ಕುತ್ತಿಗೆಗೇ ಬಡಿಯುತ್ತಿತ್ತು — ಈಗ ಮನೆಯ ಹಿಂದೆ ಬಿಸಿಲಲ್ಲಿ ಮೀನು ಹೆಚ್ಚುತ್ತ ಕೂತರೂ ಅವಳ ಕುತ್ತಿಗೆ ತಣ್ಣಗಾಗುತ್ತದೆ, ಕತ್ತಿ ನಿಲ್ಲುತ್ತದೆ, ಅವಳ ತಮ್ಮ ಮೀನು ಹಿಡಿಯಲು ದೋಣಿಯಲ್ಲಿ ಹೋದವನು ನೀರ ಮೇಲೆ ಕಾಣದ ಗೆರೆ ದಾಟಿ ಪಕ್ಕದ ದೇಶದ ಜೈಲು ಸೇರಿದ, ಎರಡು ಮಳೆಗಾಲ ಕಳೆಯಿತು, ಮೊದಲಾದರೆ ಕೋಟು ಹಾಕಿದವರು ವಿಮಾನ ಹತ್ತಿ ಹೋಗಿ ಮಾತಾಡುತ್ತಿದ್ದರು, ಬರಿಗೈಯಲ್ಲಿ ಬಂದರೂ ಬಂದದ್ದು ಕಾಣುತ್ತಿತ್ತು, ಈಗ ದೇಶ ದೇಶದ ಮಾತೆಲ್ಲ ಪರದೆಯ ಮೇಲಂತೆ, ನೋಡಮ್ಮ, ಆಚೆಯಿಂದ ಒಬ್ಬೊಬ್ಬರನ್ನೇ ತೋರಿಸ್ತಾರೆ, ಇವನು ನಿಮ್ಮವನಾ ಅಂತ ಕೇಳ್ತಾರೆ, ಹೌದು ಅಂದ್ರೆ ಸಾಕು, ಬಿಟ್ಟುಬಿಡ್ತಾರೆ ಎಂದಿದ್ದ ಅಧಿಕಾರಿ, ಅಯ್ಯೋ ಸ್ವಾಮಿ, ಮದುವೇಲೂ ನನ್ನನ್ನ ಯಾರೂ ಇಷ್ಟು ಮರ್ಯಾದೆಯಿಂದ ಕೇಳಿರ್ಲಿಲ್ಲ ಎಂದು ಪಕ್ಕದ ಮನೆಯವಳು ಎಲ್ಲರನ್ನೂ ನಗಿಸಿದ್ದಳು, ಅವಳ ಗಂಡನೂ ಅದೇ ದೋಣಿಯವನು, ಅವನ ಮುಖ ಬಂತು, ಹೌದು ಅಂದಳು, ಅಂದವಳೇ ಗೋಳೋ ಎಂದು ಅತ್ತಳು, ಅಧಿಕಾರಿಗೆ ಮುಜುಗರ, ಆಚೆ ಮಂತ್ರಿಗಳು ಕೂತಿದಾರೆ, ಮೈಕ್ ಆಫ್ ಮಾಡ್ರೀ — ಮಾಡಿದರು, ಮತ್ತೆ ಹಾಕಲಿಲ್ಲ, ಹಾಕಬೇಕಾದವರೆಲ್ಲ ನಮ್ಮ ಮಂತ್ರಿಯ ಫೇಸ್‌ಬುಕ್ ಪೇಜಿಗೆಂದು ಫೋಟೊ ತೆಗೆಯುತ್ತಿದ್ದರು.

ಆಗಲೇ ಪರದೆಯಲ್ಲಿ ತಮ್ಮ, ಕೆನ್ನೆ ಒಳಗೆ ಹೋಗಿದೆ, ಅಂಗಿ ಬೇರೆ ಯಾರದೋ, ಹೌದು ಎಂದಳು, ನಮ್ಮವನೇ ಎಂದಳು, ಸೊಂಟದ ಮೇಲೆ ಹೊತ್ತು ಬೆಳೆಸಿದ್ದೀನಿ ಕಣ್ರೀ ಎಂದಳು, ಅಕ್ಕಾ, ಏನಂದೆ, ಕೇಳಿಸ್ತಿಲ್ಲ — ಕಿವಿಯ ಹಿಂದೆ ಕೈ ಇಟ್ಟುಕೊಂಡ — ಅವಳು ತಲೆಯಾಡಿಸಿದಳು, ತಲೆಯಾಡಿಸಿದರೆ ಲೆಕ್ಕಕ್ಕಿಲ್ಲ, ದನಿ ರೆಕಾರ್ಡ್ ಆಗಬೇಕಂತೆ, ಗುರುತು ಹಿಡಿದಿಲ್ಲ ಎಂದು ಆಚೆಯವರು ಬರೆದುಕೊಂಡರು, ಮುಂದಿನವನ ಮುಖ ಬಂತು, ಆಗ ಯಾರೋ ನೋಡಿ ಮೈಕ್ ಹಾಕಿದರು. ಆವಾಗಲೇ ಹೇಳ್ಬೇಕಿತ್ತಮ್ಮ ಮೈಕ್ ಆಫಾಗಿದೆ ಅಂತ, ಎಂದ ಅಧಿಕಾರಿ — ಯಾವುದರಲ್ಲಿ ಹೇಳಬೇಕಿತ್ತು, ಆಫಾದ ಮೈಕಿನಲ್ಲೇ? ಇನ್ನೊಂದು ಸಲ ಫೋನ್ ಮಾಡಿ ಸ್ವಾಮಿ, ಒಂದೇ ಮಾತು. ಫೋನ್ ಮಾಡೋಕೆ ಇದೇನು ನಿಮ್ಮ ಬೀಗರ ಮನೆಯಾ, ಎರಡು ಸರ್ಕಾರ ಕಣಮ್ಮ, ಮುಂದಿನ ಸಭೆ ಗೊತ್ತಾದ್ರೆ ಮೆಸೇಜ್ ಬರುತ್ತೆ. ಬರುತ್ತದೆ, ಬರದೆ ಏನು, ನಿಮ್ಮ ಅಹವಾಲು ನಮಗೆ ಮುಖ್ಯ ಎಂದು ಬರುತ್ತದೆ, ಕೆಳಗೊಂದು ಕೈಮುಗಿದ ಚಿತ್ರ, ಆ ಮುಗಿದ ಕೈಗೆ ಒಂದು ಗುಂಡಿ ಒತ್ತಲು ಬರಲಿಲ್ಲ — ಅಕ್ಕಯ್ಯಾ, ಎಂದು ಪಕ್ಕದ ಮನೆಯವಳು ಫೋನು ಹಿಡಿದು ಓಡಿ ಬಂದು, ಇವಳ ಮುಖ ಕಂಡು ಹಿತ್ತಿಲ ಬಾಗಿಲಲ್ಲೇ ನಿಂತಳು, ನಮ್ಮವರು ಜೈಲಿಂದ ಹೊರಟ್ರಂತೆ, ಮಂತ್ರಿಗಳೇ ಹಾಕಿದಾರೆ ನೋಡು, ಮಾತುಕತೆ ಫಲ ಕೊಟ್ಟಿದೆ ಅಂತ, ಕೆಳಗೆ ಫೋಟೊ, ಅಧಿಕಾರಿ ನಗುತ್ತಿದ್ದಾನೆ, ಬದಿಯಲ್ಲಿ ಇವಳು, ಬಾಯಿ ತೆರೆದೇ ಇದೆ, ಹಾಡು ಹೇಳ್ತಿರೋ ಹಾಗಿದೀಯಲ್ಲೇ ಎಂದು ನಗಿಸಲು ನೋಡಿ ಪಕ್ಕದವಳು ತಾನೇ ಕಣ್ಣೊರೆಸಿಕೊಂಡಳು, ಅವಳ ಗಂಡ ಹೊರಟ, ಆ ದೋಣಿಯ ಉಳಿದವರೆಲ್ಲ ಹೊರಟರು, ಇವತ್ತು, ಶುಕ್ರವಾರ, ಒಬ್ಬನನ್ನು ಬಿಟ್ಟು — ಮೀನಿನ ಕೈ ಸೆರಗಿಗೆ ಒರೆಸಿ ಅವಳು ಬೆರಳಿಟ್ಟು ಚಿತ್ರ ಹಿಗ್ಗಿಸಿದಳು, ಅಧಿಕಾರಿಯ ಹೆಗಲ ಹಿಂದೆ ಪರದೆ, ಪರದೆಯಲ್ಲಿ ಒಂದು ಮುಖ, ಕಿವಿಯ ಹಿಂದೆ ಕೈ, ಇನ್ನೂ ಇಳಿಸಿಲ್ಲ, ಕಿವಿಯ ಹಿಂದೆ ಕೈ