ಹದಿನೆಂಟನೇ ದಿನದ ಕಡಲಪಾಚಿ ಸಾರು

ಮಕ್ಸುನಜ್ಜಿ ವಾಂಡೋ ದ್ವೀಪದಿಂದ ರಾಜಧಾನಿ ಸೋಲ್ ನಗರಕ್ಕೆ ಬಂದಿಳಿದಾಗ ಕಂಕುಳಲ್ಲಿದ್ದದ್ದು ಒಂದೇ ಗಂಟು. ಅದರ ತುಂಬ ಒಣಗಿಸಿದ ಕಡಲಪಾಚಿ. ಅಂದು ಮಗ ಜೋಂಗ್ದುವಿಗೆ ಐವತ್ತೆರಡು ತುಂಬುತ್ತಿತ್ತು. ಹೆತ್ತ ದಿನ ಬಾಣಂತಿ ಕುಡಿದ ಕಡಲಪಾಚಿ ಸಾರನ್ನೇ ಹುಟ್ಟಿದವನು ವರ್ಷವರ್ಷವೂ ಆ ದಿನ ಕುಡಿಯಬೇಕು. ಇಲ್ಲದಿದ್ದರೆ ಅದೆಂಥ ಹುಟ್ಟುಹಬ್ಬ? ಅವನು ಎರಡು ಸಲ ಜೈಲಿಗೆ ಹೋದಾಗಲೂ ಅವಳು ಬಾಗಿಲ ತನಕ ಸಾರು ಹೊತ್ತು, ಕಾವಲಿನವರಿಂದ ಬೈಸಿಕೊಂಡು, ಹಾಗೇ ವಾಪಸು ತಂದಿದ್ದಳು.

ಈ ಸಲದ ಸಂಕಟ ಇನ್ನೂ ದೊಡ್ಡದು. ಮೂರು ಚುನಾವಣೆ ಗೆದ್ದು, ಸಂಸತ್ತಿನಲ್ಲಿ ದೇಶ ಆಳುವ ಸೇನಾಧಿಕಾರಿಗಳ ಮುಖಕ್ಕೆ ಹೊಡೆದ ಹಾಗೆ ಮಾತಾಡಿದವನನ್ನು ಎರಡು ವರ್ಷದಿಂದ ಅವನ ಮನೆಯಲ್ಲೇ ಕೂಡಿಹಾಕಿದ್ದರು. ಜೈಲಿನಲ್ಲಿರುವ ನನ್ನ ಪಕ್ಷದವರನ್ನು ಬಿಡಿ ಎಂದು ಅವನು ಉಪವಾಸ ಕೂತು ಅಂದಿಗೆ ಹದಿನೆಂಟು ದಿನ. ಪತ್ರಿಕೆಗಳಲ್ಲಿ ಒಂದು ಸಾಲಿಲ್ಲ, ಬರೆಯಕೂಡದೆಂದು ಅಪ್ಪಣೆಯಾಗಿತ್ತು. ದೇಶಕ್ಕಾಗಿ ಸಾಯಲು ಹೊರಟಿದ್ದಾನೆ, ದೇಶಕ್ಕೇ ಗೊತ್ತಿಲ್ಲ. ಅಯ್ಯೋ ಹಣೆಬರಹವೇ!

ಗೇಟಿನಲ್ಲಿ ಮಫ್ತಿ ಪೊಲೀಸ್ ನಾಮ್ ನಿಂತಿದ್ದ. ಡಾಕ್ಟರನ್ನೂ ಒಳಗೆ ಬಿಡದ ಆಸಾಮಿ.

"ಏನಜ್ಜಿ ಗಂಟಲ್ಲಿ? ಬಾಂಬಾ?"

"ನಿಮ್ಮಮ್ಮ ನಿನ್ನನ್ನ ಹೆತ್ತಾಗ ಕುಡಿದಿದ್ದು ಕಣೋ. ಇವತ್ತು ನನ್ನ ಮಗ ಹುಟ್ಟಿದ ದಿನ."

ಅವನು ಯಾರಿಗೋ ಫೋನು ಮಾಡಿ ಬಂದು ಗೇಟು ಪೂರ್ತಿ ತೆರೆದ. "ಹೋಗಿ ಹೋಗಿ. ತಾಯಿ ಕೈಯಡುಗೆ ಬೇಡ ಅನ್ನೋಕಾಗುತ್ತಾ?"

ಇಷ್ಟು ಸಲೀಸಾಗಿ ಯಾಕೆ ಬಿಟ್ಟ ಎಂದು ಅಜ್ಜಿ ಯೋಚಿಸಬೇಕಿತ್ತು. ಮಗನ ಹೊಟ್ಟೆಯ ಹೊರತು ಅವಳಿಗೆ ಬೇರೇನೂ ಹೊಳೆಯಲಿಲ್ಲ. ಸೊಸೆ ಇನ್‌ಸಿಲ್ ಬೇಡ ಬೇಡವೆಂದರೂ ಅಜ್ಜಿ ಕೇಳದೆ ಸಾರು ಕಾಯಿಸಿದಳು, ಬಟ್ಟಲು ತಂದು ಮಗನ ಹಾಸಿಗೆಯ ಪಕ್ಕದಲ್ಲಿಟ್ಟಳು. ಮೂಳೆ ಚರ್ಮ ಬಿಟ್ಟರೆ ಅಲ್ಲಿ ಏನೂ ಉಳಿದಿರಲಿಲ್ಲ.

"ಊಟ ಆಯ್ತೇನೋ?" ಜನ್ಮದ ಅಭ್ಯಾಸ, ಬಾಯಿಗೆ ಬಂದೇಬಿಟ್ಟಿತು. ನಾಲಗೆ ಕಚ್ಚಿಕೊಂಡಳು. ಜೋಂಗ್ದು ನಕ್ಕ.

"ಎರಡೇ ಚಮಚ, ಮಗಾ. ಯಾರಿಗೂ ಹೇಳಲ್ಲ."

"ಕಿಟಕಿ ನೋಡಮ್ಮ."

ಪರದೆಗಳನ್ನು ಪೊಲೀಸರು ಎಂದೋ ಕಿತ್ತೊಯ್ದಿದ್ದರು. ಗಾಜಿನಾಚೆ ನಾಮ್, ಅವನ ಪಕ್ಕ ಕ್ಯಾಮೆರಾ ಹಿಡಿದ ಇನ್ನೊಬ್ಬ.

"ನಾನು ಬಾಯಿಗಿಟ್ಟರೆ ಜೈಲಲ್ಲಿರೋ ಇನ್ನೂರು ಜನಕ್ಕೆ ಮೋಸ ಆಗುತ್ತಮ್ಮ."

"ಹಾಳಾಗಿಹೋಗಲಿ ನಿನ್ನ ಇನ್ನೂರು ಜನ! ನಾನು ಹೆತ್ತಿದ್ದು ಒಬ್ಬನ್ನ!"

ಅವಳು ಅಳುತ್ತ ಬಟ್ಟಲನ್ನು ಚೆಲ್ಲಲು ಎತ್ತಿದಳು. ಮಗ ಕೈ ಹಿಡಿದ. ಹಿಡಿತದಲ್ಲಿ ಬಲವೇ ಇರಲಿಲ್ಲ.

"ಚೆಲ್ಲಬೇಡ. ನೀನೇ ಕುಡಿ. ಆವತ್ತೂ ಕುಡಿದವಳು ನೀನೇ ತಾನೇ? ನಾನು ನೋಡ್ತೀನಿ."

ಅಜ್ಜಿ ಬಟ್ಟಲು ಬರಿದಾಗುವ ತನಕ ಕುಡಿದಳು. ಅವಳ ಒಂದೊಂದು ಗುಟುಕಿಗೂ ಅವನ ಗಂಟಲು ಅಲುಗುತ್ತಿತ್ತು. ಆಮೇಲೆ ಬಟ್ಟಲನ್ನು ಅಲ್ಲೇ ಬಿಟ್ಟು, ಮುಖ ತೊಳೆಯಲು ಎದ್ದುಹೋದಳು.

ಮರುದಿನ ಪತ್ರಿಕೆಯಲ್ಲಿ ಮಗನ ಚಿತ್ರ, ಮೊದಲ ಪುಟದಲ್ಲೇ. ತಲೆದಿಂಬಿನ ಪಕ್ಕ ಬರಿದಾದ ಬಟ್ಟಲು, ಅದರಲ್ಲಿ ಚಮಚ. ಅಜ್ಜಿ ಎಲ್ಲೂ ಇಲ್ಲ. ಉಪವಾಸದ ಬಗ್ಗೆ ಮೊದಲ ಸಲ ಅಚ್ಚಾದ ಆ ಕೆಳಗಿನ ಸಾಲನ್ನು ಇನ್‌ಸಿಲ್ ಓದಿದಳು: ತಾಯಿಯ ಸಾರಿಗೆ ಕರಗಿದ ನಾಯಕ, ಉಪವಾಸ ಅಂತ್ಯ.

ಅಜ್ಜಿ ಪತ್ರಿಕೆ ಹಿಡಿದು ಗೇಟಿಗೆ ಓಡಿದಳು. "ಕುಡಿದವಳು ನಾನು ಕಣೋ! ನಾನು!"

"ಹೌದಾ ಅಜ್ಜಿ?" ನಾಮ್ ಹಲ್ಲು ಕಿರಿದ. "ಯಾರ ಹತ್ರ ಹೇಳ್ತೀರಿ, ಹೇಳಿ."

ಬೀದಿಯಲ್ಲಿ ಸಂತೆ ಚೀಲ ಹಿಡಿದ ಹೆಂಗಸೊಬ್ಬಳು ನಿಂತಳು. "ಅಳಬೇಡಿ ಅಮ್ಮಾ. ಮಗ ಊಟ ಮಾಡಿದನಲ್ಲ, ಅಷ್ಟು ಸಾಕು," ಎಂದು ನಿಜವಾದ ಕನಿಕರದಿಂದ ಹೇಳಿ ಹೋದಳು.

ಅಜ್ಜಿ ಒಳಗೆ ಬಂದು ಹಾಸಿಗೆಯ ಪಕ್ಕ ಕುಸಿದಳು. "ನನ್ನಿಂದಲೇ ಎಲ್ಲ ಕೆಟ್ಟಿತು. ನೀನು ತಿಂದೆ ಅಂತ ಎಲ್ಲರೂ ನಂಬಿಬಿಟ್ಟರು ಮಗಾ. ಇನ್ನು ಯಾರಿಗೋಸ್ಕರ ಈ ಉಪವಾಸ? ಇನ್ನಾದರೂ ತಿನ್ನೋ."

ಅವನು ಕಣ್ಣು ತೆರೆಯದೆ ಬೇಡವೆಂದು ತಲೆಯಾಡಿಸಿದ. "ತಿಂದಿಲ್ಲ ಅಂತ ನಿನಗೆ ಗೊತ್ತಲ್ಲಮ್ಮ."

"ಗೊತ್ತು ಕಣೋ," ಎಂದಳು. ಅದನ್ನು ಬಿಟ್ಟು ಅವಳ ಕೈಯಲ್ಲಿ ಬೇರೇನೂ ಉಳಿದಿರಲಿಲ್ಲ.