ನಾಲ್ಕು ದಿನ ನೆನೆಯಬೇಕಾದ ದೋಣಿ

ನನ್ನಂಥ ಮುಠ್ಠಾಳ ಇಡೀ ಮಾಟುಂಗದಲ್ಲಿ ಇನ್ನೊಬ್ಬನಿರಲಾರ. ಒಂದು ಹಳೆಯ ಹಾಯಿದೋಣಿ ಆರಿಸುವುದಕ್ಕೆ ಮೂರು ತಿಂಗಳು ತೆಗೆದುಕೊಂಡೆ. ಅದು ಐವತ್ತಾರನೆಯ ಇಸವಿ. ಮಗಳು ವಾರಿಜಾಗೆ ಹದಿನಾಲ್ಕು ವರ್ಷ, ಎದೆಯಲ್ಲಿ ಕ್ಷಯ. ಸಮುದ್ರದ ಗಾಳಿ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ದಾದರಿನ ಮರಳಿನ ಮೇಲೆ ಕೂತರೆ, ಅವಳು ಎರಡು ಸಲ ಕೆಮ್ಮುವುದೇ ತಡ, ಪಕ್ಕದವರು ಚಾಪೆ ಸುತ್ತಿಕೊಂಡು ಏಳುತ್ತಿದ್ದರು.

"ಅಪ್ಪ, ದೋಣೀಲಿ ಕೂತ್ರೆ ಯಾರೂ ಎದ್ದು ಹೋಗಕ್ಕಾಗಲ್ಲ, ಅಲ್ವಾ?" ಎಂದು ಅವಳೇ ಕೇಳಿದ್ದು.

ಸರಿ, ಕೊಳ್ಳೋಣ ಎಂದೆ. ನಾನು ತುಮಕೂರಿನ ಕಡೆಯವನು, ಕೆರೆಗಿಂತ ದೊಡ್ಡ ನೀರು ನೋಡಿದ್ದು ಮದುವೆಯಾದ ಮೇಲೆ. ಆದರೂ ಆಫೀಸಿನ ಲೈಬ್ರರಿಯಿಂದ ಪುಸ್ತಕ ತಂದು ಓದಿ ದೊಡ್ಡ ಪಂಡಿತನಾದೆ. ಮೊದಲ ಭಾನುವಾರ ವರ್ಸೋವಾದಲ್ಲಿ ಒಂದು ಅಗಲ ಹೊಟ್ಟೆಯ ದೋಣಿ ನೋಡಿದೆ. ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುವುದು ನಮ್ಮ ಕಡೆಯ ರೂಢಿ. ಬಡಿದೆ. ಠಣ್ ಎನ್ನಲಿಲ್ಲ, ಬೊದ್ ಎಂದಿತು. ಸೀಳಿದ ಗಡಿಗೆ ಯಾರಿಗೆ ಬೇಕು ಎಂದು ಬಿಟ್ಟು ಬಂದೆ. ಆಮೇಲೆ ಕೊಲಾಬಾ, ಮಝಗಾಂವ್ ಸುತ್ತಿ ಇನ್ನೂ ಆರು ದೋಣಿ ನೋಡಿ ಆರಕ್ಕೂ ಒಂದೊಂದು ಕೊಂಕು ತೆಗೆದೆ. "ಹೆಣ್ಣು ನೋಡೋ ಹಾಗೆ ನೋಡ್ತಿದ್ದೀರಲ್ಲ, ಒಂದನ್ನ ಒಪ್ಕೊಳ್ಳಿ" ಎಂದು ಹೆಂಡತಿ ಸುಮಿತ್ರಾ ಬೇಡಿಕೊಂಡಳು. ಮಗು ಕೂರುವ ದೋಣಿ, ಅಳೆದೂ ಸುರಿದೂ ನೋಡಬೇಕು ಎಂದು ಗದರಿದೆ.

ಒಂದು ಶನಿವಾರ ಸಂಜೆ ಕಾಗದ ಬಂತು. ಘಟ್ಟದ ಮೇಲಿನ ಕ್ಷಯದ ಆಸ್ಪತ್ರೆಯಲ್ಲಿ ವಾರಿಜಾಗೆ ಹಾಸಿಗೆ ಸಿಕ್ಕಿದೆ, ಸೋಮವಾರ ಬೆಳಿಗ್ಗೆ ಸೇರಿಸಬೇಕು. ಎಷ್ಟು ದಿನಕ್ಕೆ ಎಂದು ಬರೆದಿರಲಿಲ್ಲ. ನಮ್ಮ ಬಿಲ್ಡಿಂಗಿನಿಂದ ಅಂಥ ಕಡೆಗೆ ಹೋದ ಇಬ್ಬರೂ ಮರಳಿ ಬಂದಿರಲಿಲ್ಲ. ನಮಗೆ ಉಳಿದದ್ದು ಒಂದೇ ಭಾನುವಾರ.

ಬೆಳಿಗ್ಗೆ ಮೂವರೂ ಲೋಕಲ್ ಹಿಡಿದು ಅಂಧೇರಿಗೆ, ಅಲ್ಲಿಂದ ಟಾಂಗಾದಲ್ಲಿ ವರ್ಸೋವಾಕ್ಕೆ ಹೋದೆವು. ವಿಲಾಯತಿಗೆ ಹೊರಟುಹೋದ ಸಾಹೇಬನೊಬ್ಬನ ಎರಡು ದೋಣಿಗಳನ್ನು ಮಾರಲು ನೋಡುತ್ತಿದ್ದವನು ಉಡುಪಿ ಕಡೆಯ ಮುದಿ ಅಂಬಿಗ ದೂಜ. ನಾನು ಬೇಡವೆಂದಿದ್ದ ಅಗಲದ್ದು ಬಿಸಿಲಲ್ಲೇ ಬಿದ್ದಿತ್ತು. ಹಲಗೆಗಳ ನಡುವೆ ಪೋಸ್ಟ್ ಕಾರ್ಡು ತೂರುವಷ್ಟು ಬಿರುಕು. ಪಕ್ಕದ ನೀರಿನಲ್ಲಿ ಸಪೂರವಾದ ನೀಲಿ ದೋಣಿ, ಎತ್ತರದ ಕಂಬ, ಒಳಗೆ ಹನಿ ನೀರಿಲ್ಲ.

"ನೀಲೀದು ಕೊಡು" ಎಂದೆ.

"ಬೇಡ ಮಾರಾಯ್ರೆ. ಅದು ರೇಸಿಂದು, ಕೈ ಪಳಗಿದವರಿಗೆ. ನೀವು ಮೂರು ಜನ ಒಂದು ಬದಿಗೆ ವಾಲಿದ್ರೆ ಮಗುಚಿ ಹೋಗ್ತದೆ. ಹೊಸಬರಿಗೆ, ಸಂಸಾರದವರಿಗೆ ಈ ಅಗಲದ್ದೇ ಸರಿ. ಮಕ್ಕಳು ಎದ್ದು ಕುಣಿದ್ರೂ ಅಲ್ಲಾಡುದಿಲ್ಲ."

"ಅದು ಸೋರುತ್ತಲ್ಲಯ್ಯ!"

"ಒಣಗಿದೆ, ಅಷ್ಟೆ. ನಾಲ್ಕು ದಿನ ನೀರಲ್ಲಿ ಬಿಟ್ರೆ ಮರ ಉಬ್ಬಿ ತಾನೇ ಮುಚ್ಚಿಕೊಳ್ತದೆ. ಅವತ್ತು ಬಂದಾಗಲೇ ಹೂಂ ಅಂದಿದ್ರೆ ಇಷ್ಟೊತ್ತಿಗೆ ಎಷ್ಟು ಆದಿತ್ಯವಾರ ಹೋಗಿ ಬರ್ತಿದ್ರಿ ನೀವು!"

ಆ ಮಾತು ನನ್ನನ್ನು ಕೊಂದೇ ಹಾಕಿತು. ಮೂರು ತಿಂಗಳು ದಂಡ ಮಾಡಿದವನು ನಾಲ್ಕು ದಿನ ಎಲ್ಲಿಂದ ತರಲಿ? ಸಿಟ್ಟು ನೆತ್ತಿಗೇರಿ ನೀಲಿ ದೋಣಿಯ ಹಗ್ಗಕ್ಕೆ ಕೈ ಹಾಕಿದೆ. ಇದರಲ್ಲಿ ಮಗುವನ್ನು ಕೂರಿಸಲು ಬಿಡುವುದಿಲ್ಲವೆಂದು ದೂಜ ಅಡ್ಡ ನಿಂತ. ಬಾಯಿಗೆ ಬಂದಂತೆ ಬೈದೆ, ಅವನು ಕದಲಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು, ನಾಳೆ ಅವಳು ಎಲ್ಲಿಗೆ ಹೋಗುತ್ತಾಳೆಂದು ಹೇಳಿ, ಅವನ ಕಾಲು ಹಿಡಿಯಲು ಬಗ್ಗಿದೆ.

ದೂಜ ಹಿಂದೆ ಸರಿದು ವಾರಿಜಾಳನ್ನು ನೋಡಿದ. "ಸೋರುದೇ ಆಗ್ಲಿ" ಎಂದ. "ಸಮುದ್ರಕ್ಕೆ ಬೇಡ, ಈ ಹಿನ್ನೀರಿನ ಖಾಡಿಯ ಒಳಗೇ, ಸೊಂಟದಷ್ಟು ನೀರಲ್ಲಿ. ಹಾಯಿ ನಾನು ಹಿಡೀತೇನೆ. ನೀವು ನೀರು ಎತ್ತಿ ಹಾಕಿ."

ಅಗಲದ ದೋಣಿಯನ್ನು ನೀರಿಗೆ ತಳ್ಳಿದೆವು. ಹಾಯಿಗೆ ಗಾಳಿ ತುಂಬಿತು. ವಾರಿಜಾ ಗಾಳಿಗೆ ಮುಖವೊಡ್ಡಿ ಕೂತಳು. ಕಾಲ ಕೆಳಗೆ ಬುಗುಬುಗು ನೀರು ಬಂತು. ಎತ್ತಿ ಹಾಕಲು ಇದ್ದದ್ದು ಒಂದೇ ಡಬ್ಬ. ನಾನು ಇಪ್ಪತ್ತು ಸಲ, ಸುಮಿತ್ರಾ ಇಪ್ಪತ್ತು ಸಲ. ತೋಳು ಬಿದ್ದುಹೋಗುವಂತಾಯಿತು, ಆದರೂ ನೀರು ಮೀನಖಂಡ ಮುಟ್ಟಿತು.

"ಕೊಡಮ್ಮ" ಎಂದು ವಾರಿಜಾ ಡಬ್ಬ ಕಿತ್ತುಕೊಂಡಳು. ಒಂದು ಚೊಂಬು ನೀರನ್ನೂ ಎತ್ತಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಆದರೂ ನಾನು ತಡೆಯಲಿಲ್ಲ. ಅವಳು ಎತ್ತಿ ಚೆಲ್ಲಿದಳು, ಕೆಮ್ಮಿದಳು, ಮತ್ತೆ ಚೆಲ್ಲಿದಳು. ಆಮೇಲೆ ಡಬ್ಬವನ್ನು ಅಮ್ಮನ ಕಡೆ ಚಾಚಿದಳು. ಎಂಟು ತಿಂಗಳಿಂದ ಮನೆಯಲ್ಲಿ ಅವಳ ತಟ್ಟೆ ಲೋಟ ಬೇರೆ. ಕುದಿಯುವ ನೀರು ಸುರಿಯದೆ ಅವಳು ಮುಟ್ಟಿದ್ದನ್ನು ನಾವು ಮುಟ್ಟಿರಲಿಲ್ಲ. ಸುಮಿತ್ರಾ ಆ ಡಬ್ಬ ತೆಗೆದುಕೊಂಡಳು. ಅವಳಿಂದ ನಾನು ತೆಗೆದುಕೊಂಡೆ. ನನ್ನಿಂದ ವಾರಿಜಾ.

"ಸಾಕು ಸಾಯ್ಬ್ರೆ, ದೋಣಿ ಭಾರ ಆಯ್ತು. ದಂಡೆಗೆ ತಿರುಗಿಸ್ತೇನೆ" ಎಂದ ದೂಜ.

ವಾರಿಜಾ ನನ್ನ ಮುಖವನ್ನೇ ನೋಡಿದಳು. ಜೀವಮಾನದಲ್ಲಿ ಮೊದಲ ಸಲ ನಾನು ಹಿಂದೆಮುಂದೆ ನೋಡದೆ ಹೇಳಿದೆ: "ಇನ್ನೊಂದು ಸುತ್ತು ಹಾಕಪ್ಪ. ಎತ್ತಿ ಹಾಕಕ್ಕೆ ನಾವು ಮೂರು ಜನ ಇದ್ದೀವಿ."