ಸಾರಿ ಎಂಬ ಪದಕ್ಕೆ ಒಂದೂವರೆ ಪುಟ

ಪದಮೇಷ್ಟರ ಇಂಗ್ಲಿಷ್-ಕನ್ನಡ ನಿಘಂಟು ಎಷ್ಟು ದಪ್ಪವಿತ್ತೆಂದರೆ, ಓದಲು ಕೂತವರು ಮೊದಲ ಅಕ್ಷರ ಮುಗಿಸುವಷ್ಟರಲ್ಲಿ ಮೊಮ್ಮಕ್ಕಳ ಮುಖ ನೋಡುತ್ತಿದ್ದರು. ಎಲ್ಲರ ಬಾಯಲ್ಲಿ ಎಂಜಲಾದ ‘ಸಾರಿ’ ಒಂದಕ್ಕೇ ಒಂದೂವರೆ ಪುಟ. ಅದರ ಬೇರು ಹಳೆಯ ಇಂಗ್ಲಿಷಿನಲ್ಲಿ ಗಾಯ, ನೋವು ಎಂಬರ್ಥದ ಪದ. ದುಃಖವೆನ್ನುವ ‘ಸಾರೋ’ ನೋಡಲು ಅಕ್ಕತಂಗಿಯಂತಿದ್ದರೂ ಹುಟ್ಟಿದ್ದು ಬೇರೆ ಮನೆಯಲ್ಲಿ. ಹಿಂದೆ ಈ ಮಾತಾಡಿದವನು ಕ್ಷಮೆ ಕೇಳುತ್ತಿರಲಿಲ್ಲ, ಒಳಗೆ ನೋಯುತ್ತಿದೆ ಎನ್ನುತ್ತಿದ್ದ. ಇಂಥ ಸಾವಿರ ಸಂಗತಿ ತುರುಕಿ ಇಪ್ಪತ್ತು ವರ್ಷ ಸವೆಸಿದ್ದರು ಮೇಷ್ಟರು.

ಹೀಗೆ ಉಬ್ಬಿದ ಪುಸ್ತಕ ಪ್ರೆಸ್ಸಿನ ಕಟಿಂಗ್ ಮಷೀನಿಗೆ ಹಿಡಿಸಲಿಲ್ಲ. ಬ್ಲೇಡಿನ ಮುಂದೆ ಕೈ ಕಾಯಲು ಹಾಕಿದ್ದ ಗಾರ್ಡು ಅಡ್ಡ ಬಂತು. ಬೈಂಡರ್ ಬೇರೆ ಯಾರೂ ಅಲ್ಲ, ಮೇಷ್ಟರ ಹೆಂಡತಿಯ ತಮ್ಮ. ಎರಡು ಸಂಪುಟ ಮಾಡೋಣ ಭಾವ ಎಂದು ಗೋಗರೆದ. ತಮ್ಮ ಕೂಸನ್ನು ಸೀಳುವುದೇ ಎಂದು ಮೇಷ್ಟರು ಆಕಾಶ ಭೂಮಿ ಒಂದು ಮಾಡಿ, ಗಾರ್ಡು ಬಿಚ್ಚಿ ಕೆಲಸ ನೋಡು ಎಂದರು. ಬಿಚ್ಚಿದ. ಮೂರನೆಯ ಪ್ರತಿಗೆ ಅವನ ಬಲಗೈಯ ನಾಲ್ಕು ಬೆರಳು ಹೋದವು.

ಇನ್ನು ಹೋಗಬೇಕಾಗಿದ್ದದ್ದು ಕೆಲಸ. ಕೇಳದೆ ಗಾರ್ಡು ಬಿಚ್ಚಿದವನಿಗೆ ಪ್ರೆಸ್ಸಿನಲ್ಲಿ ಜಾಗವಿಲ್ಲ. ಯಾರಾದರೂ ಹೇಳಿ ಬಿಚ್ಚಿಸಿದ್ದರೆ ಮಾತು ಬೇರೆ. ಅಲ್ಲಿದ್ದವರು ಮೇಷ್ಟರೊಬ್ಬರೇ. ವಿಚಾರಣೆಗೆ ಮುಂಚೆ ಮ್ಯಾನೇಜರು ಅವರನ್ನು ಪಕ್ಕಕ್ಕೆ ಕರೆದು, ತಪ್ಪು ಲೇಖಕರದಾದರೆ ಪುಸ್ತಕ ಗೋದಾಮಿನಲ್ಲೇ ಗೆದ್ದಲಿಗೆ ಊಟ ಎಂದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ತಿಳಿಸಿದ್ದರು.

ಮ್ಯಾನೇಜರರ ಕೋಣೆಯಲ್ಲಿ ಮೂರು ಕುರ್ಚಿ. ಬೈಂಡರ್ ಬ್ಯಾಂಡೇಜಿನ ಕೈಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡಿದ್ದ. ಮೇಷ್ಟರು ಎದ್ದು ನಿಂತು, ಕಲ್ಲೂ ಕರಗಿ ನೀರಾಗುವ ಹಾಗೆ ಸಾರಿ ಕೇಳಿದರು. ಆ ಪದದ ಬೇರು ಗಾಯದಲ್ಲೇ ಇದೆಯೆಂದು, ಹಾಗಾಗಿ ಇದು ಬಾಯಿಮಾತಲ್ಲವೆಂದು ಕಾಲು ಗಂಟೆ ವಿವರಿಸಿದರು. ಮ್ಯಾನೇಜರು ಕಣ್ಣೊರೆಸಿಕೊಂಡರು.

ಬೈಂಡರ್ ಅಳಲಿಲ್ಲ.

“ಭಾವ, ಬೇರು ಹಾಗಿರಲಿ. ಗಾರ್ಡು ಬಿಚ್ಚು ಅಂದಿದ್ದು ಯಾರು?”

ಮೇಷ್ಟರು ಮೇಜಿನ ಮೇಲಿದ್ದ ನಿಘಂಟನ್ನು ನೋಡಿದರು. ಅದರ ಬೆನ್ನಿನ ಮೇಲೆ ಅವರ ಹೆಸರು ಚಿನ್ನದ ಅಕ್ಷರದಲ್ಲಿ ಮಿಂಚುತ್ತಿತ್ತು.

“ತುಂಬಾ ನೋವಾಗಿದೆ ಕಣಪ್ಪ,” ಎಂದರು.

“ನಿಮಗಾ?”

ಮ್ಯಾನೇಜರು ಕೆಲಸದಿಂದ ತೆಗೆದ ಕಾಗದವನ್ನು ಬೈಂಡರ್ ಕಡೆಗೆ ಸರಿಸಿದರು. ಅವನು ಎಡಗೈಯಲ್ಲಿ, ಒಂದನೇ ಕ್ಲಾಸಿನ ಮಗುವಿನ ಹಾಗೆ, ಅಕ್ಷರಕ್ಕೊಂದು ನಿಮಿಷ ತೆಗೆದುಕೊಂಡು ಸಹಿ ಹಾಕಿದ. ಬಾಗಿಲ ಹೊರಗೆ ಮೇಷ್ಟರು ಅವನ ಚೀಲಕ್ಕೆ ಕೈ ಚಾಚಿದರು. ಕೊಡಲಿಲ್ಲ.

“ಅಕ್ಕಂಗೆ ಏನ್ ಹೇಳ್ತೀರೋ ನೀವೇ ಹೇಳ್ಕೊಳ್ಳಿ. ನಾನಿನ್ನು ಆ ಮನೆ ಮೆಟ್ಟಿಲು ಹತ್ತಲ್ಲ.”